ಚೆಟ್‌ಪೇಟ್‌ನ ಮಾತ್ರೆಗಳ ಲೆಕ್ಕ

ನಮ್ಮ ನಗರದ ಚೆಟ್‌ಪೇಟ್‌ನಲ್ಲಿ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯಿದೆ. ಅದರ ಮುಂದೆ ಹಾದುಹೋಗುವ ಕನ್ನಡಿಗರಲ್ಲಿ ಎಷ್ಟು ಮಂದಿ ಅದರ ಕಥೆಯನ್ನು ಬಲ್ಲರೋ ಕಾಣೆ. ನನಗಂತೂ ತಿಳಿಯದೆ ವಿಧಿಯಿರಲಿಲ್ಲ.

1943ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತಾಗ ಕ್ಷಯದ ಕಾಲ ಮುಗಿಯಿತೆಂದೇ ಲೋಕ ಹಿಗ್ಗಿತು. ಬ್ರಿಟನ್ನಿನ ವೈದ್ಯರು 55 ರೋಗಿಗಳಿಗೆ ಅದನ್ನು ಕೊಟ್ಟು, 52 ಮಂದಿಯನ್ನು ಬರಿಯ ವಿಶ್ರಾಂತಿಯಲ್ಲಿರಿಸಿ ನೋಡಿದರು. 1948ರ ಅವರ ವರದಿಯಂತೆ ಆರು ತಿಂಗಳಲ್ಲಿ ಔಷಧಿ ಪಡೆದವರ ಪೈಕಿ ಸತ್ತವರು 4, ಪಡೆಯದವರ ಪೈಕಿ 14. ಆದರೆ ಅಷ್ಟರಲ್ಲೇ ಬಹುಮಂದಿಯ ರೋಗಾಣುಗಳು ಆ ಔಷಧಿಗೆ ಮಣಿಯದಾಗಿದ್ದವು. ಐದು ವರ್ಷಗಳ ತರುವಾಯ ಎರಡು ಗುಂಪುಗಳ ಸಾವಿನ ಲೆಕ್ಕದಲ್ಲಿ ಹೆಚ್ಚಿನ ಅಂತರ ಉಳಿಯಲಿಲ್ಲ. ಕೋಟಿಗಟ್ಟಲೆ ರೋಗಾಣುಗಳಲ್ಲಿ ಕೆಲವು ಹುಟ್ಟಿನಿಂದಲೇ ಒಂದು ಔಷಧಿಗೆ ಬಗ್ಗವು. ಉಳಿದವು ಸತ್ತ ಮೇಲೆ ಅವುಗಳದೇ ರಾಜ್ಯ. ಎರಡು ಔಷಧಿಗಳನ್ನು ಕೂಡಿಸಿ ಕೊಟ್ಟರೆ ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಬಲಿಯಾಗುತ್ತದೆ.

ಈ ಸಂಸ್ಥೆಯನ್ನು 1956ರಲ್ಲಿ ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಭಾರತ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಗಳು ಕೂಡಿ ತೆರೆದವು. ಮುಂದಾಳು ವಾಲೇಸ್ ಫಾಕ್ಸ್. 193 ಬಡ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಸ್ಯಾನಟೋರಿಯಮ್ಮಿಗೆ ಸೇರಿಸಿ, ಮಿಕ್ಕವರನ್ನು ಅವರವರ ಕಿಕ್ಕಿರಿದ ಮನೆಗಳಲ್ಲೇ ಇರಿಸಿ, ಎಲ್ಲರಿಗೂ ಐಸೊನಿಯಜಿಡ್ ಮತ್ತು ಪಿ.ಎ.ಎಸ್. ಎಂಬ ಎರಡು ಔಷಧಿಗಳನ್ನು ಒಂದು ವರ್ಷ ಕೊಟ್ಟರು. 1959ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನೇ ಬೆರಗುಗೊಳಿಸಿತು. ಒಳ್ಳೆಯ ಊಟ, ವಿಶ್ರಾಂತಿಗಳಿದ್ದ ಸ್ಯಾನಟೋರಿಯಮ್ಮಿನವರಿಗೆ ಸರಿಸುಮಾರಾಗಿ ಮನೆಯವರೂ ಗುಣವಾಗಿದ್ದರು; ಅವರ ಮನೆಮಂದಿಗೆ ರೋಗ ಹೆಚ್ಚಾಗಿ ಅಂಟಿರಲೂ ಇಲ್ಲ. ಐಸೊನಿಯಜಿಡ್ ಒಂದನ್ನೇ ಕೊಟ್ಟರೆ ಸಾಲದೆಂದು ಮರುವರ್ಷ ಇಲ್ಲಿಂದಲೇ ವರದಿ ಬಂದಿತು.

ಮನೆಯಲ್ಲಿ ಮಾತ್ರೆ ನುಂಗಿದರೋ ಇಲ್ಲವೋ ಎಂದು ತಿಳಿಯಲು ಕೇಂದ್ರದವರು ಹೇಳದೆ ಕೇಳದೆ ಬಂದು ಮಾತ್ರೆಗಳನ್ನು ಎಣಿಸುತ್ತಿದ್ದರಂತೆ, ಮೂತ್ರವನ್ನೂ ಪರೀಕ್ಷಿಸುತ್ತಿದ್ದರಂತೆ. ಬ್ಯಾಂಕಿನ ತಪಾಸಣೆಯನ್ನು ಕಂಡ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ವಾರಕ್ಕೆರಡು ಬಾರಿ ಕಣ್ಣೆದುರಿಗೇ ಔಷಧಿ ಕೊಡುವ ಕ್ರಮದ ಫಲವನ್ನೂ 1964ರಲ್ಲಿ ಇವರೇ ಪ್ರಕಟಿಸಿದರು.

ನನ್ನ ಸೋದರಮಾವನ ಮಾತ್ರೆಗಳನ್ನು ಯಾರೂ ಎಣಿಸಲಿಲ್ಲ. ಮಂಡ್ಯದ ಕಡೆಯಿಂದ ಬಂದು ಇಲ್ಲಿಯ ಹೋಟೆಲೊಂದರಲ್ಲಿ ಅಡುಗೆಗಿದ್ದವರು. ಎರಡು ತಿಂಗಳಲ್ಲಿ ಕೆಮ್ಮು ನಿಂತಿತು, ಮಾತ್ರೆಯನ್ನೂ ನಿಲ್ಲಿಸಿದರು. ಕೆಲಸ ಹೋದೀತೆಂಬ ಅಂಜಿಕೆಯಿಂದ ನಮಗೂ ಹೇಳಿರಲಿಲ್ಲ. ಮರಳಿ ಬಂದ ರೋಗ ಮುಖ್ಯ ಔಷಧಿಗಳಿಗೆ ಬಗ್ಗಲಿಲ್ಲ. ತಿಂಗಳುಗಟ್ಟಲೆ ಸೂಜಿಮದ್ದು, ಎರಡು ವರ್ಷದ ಹತ್ತಿರ ಮಾತ್ರೆ. ಬದುಕಿದರು, ಕಿವಿ ಹೋಯಿತು.

2024ರಲ್ಲಿ ಕೇಂದ್ರ ಸರ್ಕಾರ ಇಂಥ ಕ್ಷಯಕ್ಕೆ ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಸಿನ್ ಎಂಬ ನಾಲ್ಕು ಔಷಧಿಗಳ ಆರು ತಿಂಗಳ ಕ್ರಮಕ್ಕೆ ಒಪ್ಪಿಗೆಯಿತ್ತಿತು. ಸೂಜಿಯ ಕಾಟವಿಲ್ಲ. ಸುದ್ದಿಯನ್ನು ಮಾವನಿಗೆ ಹೇಳಲು ಹೋದೆ. ಎರಡು ಸಲ ಕೂಗಿ, ಕೊನೆಗೆ ಕಾಗದದ ಮೇಲೆ ಬರೆದು ತೋರಿಸಿದೆ.