ಗಾಳಿಯ ಇಂಗಾಲ, ಮಣ್ಣಿನ ಸಾರಜನಕ ಮತ್ತು ಹುಲ್ಲಿನ ಬೆಳವಣಿಗೆ

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಹುಲ್ಲು ಸೊಂಪಾಗಿ ಬೆಳೆಯುತ್ತದಂತೆ, ಹಾಗಾದರೆ ದನಕರು ಸಾಕುವವರಿಗೆ ಒಳ್ಳೆಯದೇ ಅಲ್ಲವೆ ಎಂದು ಸದಸ್ಯರೊಬ್ಬರು ನಮ್ಮನ್ನು ಕೇಳಿದ್ದರು. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುವ ಪ್ರಶ್ನೆ ಇದಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಕೈಗಾರಿಕೆಗಳು ಬರುವ ಮೊದಲು ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷ ಭಾಗಕ್ಕೆ ಸುಮಾರು 280 ಭಾಗ ಇತ್ತು. ಈಗ 420 ದಾಟಿದೆ. ಗಿಡ ಇದರಿಂದಲೇ ತನ್ನ ಆಹಾರ ತಯಾರಿಸುತ್ತದೆ. ಅನಿಲ ಹೆಚ್ಚು ಸಿಕ್ಕರೆ ಎಲೆಯ ರಂಧ್ರಗಳನ್ನು ಅಷ್ಟಾಗಿ ತೆರೆಯಬೇಕಿಲ್ಲ, ಹಾಗಾಗಿ ನೀರೂ ಉಳಿಯುತ್ತದೆ. ಇಷ್ಟು ಸರಿ. ಆದರೆ ಎಲೆಯಲ್ಲಿ ಆ ಕೆಲಸ ಮಾಡುವ ಕಿಣ್ವಗಳಿಗೆ ಸಾರಜನಕ ಬೇಕು, ಅದು ಮಣ್ಣಿನಿಂದಲೇ ಬರಬೇಕು.

ಇದನ್ನು ಬಯಲಿನಲ್ಲೇ ದೀರ್ಘಕಾಲ ಪರೀಕ್ಷಿಸಿದ್ದು ಅಮೆರಿಕದ ಮಿನೆಸೋಟ ರಾಜ್ಯದ ಸೀಡರ್ ಕ್ರೀಕ್‌ನಲ್ಲಿ. ಪ್ರಯೋಗದ ಹೆಸರು ಬಯೋಕಾನ್, ಮುಂದಾಳು ಪೀಟರ್ ರೈಕ್. ಅಲ್ಲಿಯದು ಮರಳು ಮಣ್ಣು, ಸಾರಜನಕ ಬಹಳ ಕಡಿಮೆ. 20 ಮೀಟರ್ ಅಗಲದ ಆರು ವೃತ್ತಗಳು, ಅವುಗಳೊಳಗೆ ಎರಡು ಮೀಟರ್ ಚದರದ ಪಾತಿಗಳು. ಮೂರು ವೃತ್ತಗಳಿಗೆ 1998ರಿಂದ ಕೊಳವೆಗಳ ಮೂಲಕ ಹೆಚ್ಚುವರಿ ಅನಿಲ ಬಿಟ್ಟರು. ಅರ್ಧದಷ್ಟು ಪಾತಿಗಳಿಗೆ ವರ್ಷಕ್ಕೆ ಚದರ ಮೀಟರಿಗೆ 4 ಗ್ರಾಂ ಸಾರಜನಕ ಹಾಕಿದರು. ನಮ್ಮ ಲೆಕ್ಕದಲ್ಲಿ ಎಕರೆಗೆ ಸುಮಾರು 16 ಕಿಲೋ, ಅಂದರೆ 45 ಕಿಲೋದ ಒಂದು ಯೂರಿಯಾ ಚೀಲದಲ್ಲಿರುವುದಕ್ಕಿಂತಲೂ ಕಡಿಮೆ.

ಮೊದಲ ಮೂರು ವರ್ಷ ಗೊಬ್ಬರ ಹಾಕಿದ ಮತ್ತು ಹಾಕದ ಪಾತಿಗಳ ನಡುವೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ನಾಲ್ಕನೆಯ ವರ್ಷದಿಂದ ದಾರಿ ಬೇರೆಯಾಯಿತು. ಹದಿಮೂರು ವರ್ಷಗಳ ಲೆಕ್ಕ 2013ರಲ್ಲಿ ಪ್ರಕಟವಾದಾಗ, ಹೆಚ್ಚುವರಿ ಅನಿಲದಿಂದ ಬಂದ ಬೆಳವಣಿಗೆ ಬಡ ಮಣ್ಣಿನಲ್ಲಿ ಗೊಬ್ಬರದ ಮಣ್ಣಿನ ಸುಮಾರು ಅರ್ಧದಷ್ಟೇ ಇತ್ತು. ಪ್ರಯೋಗವನ್ನು ಮೂರೇ ವರ್ಷಕ್ಕೆ ನಿಲ್ಲಿಸಿದ್ದರೆ ತಪ್ಪು ಉತ್ತರವೇ ದಾಖಲೆಯಾಗಿ ಉಳಿಯುತ್ತಿತ್ತು. ವರ್ಷಗಟ್ಟಲೆ ಕಡತ ನೋಡಿದ ನಮಗೆ ಇದು ಬಹಳ ಹಿಡಿಸಿತು.

ಮುಂದಿನದು ಇನ್ನೂ ಸ್ವಾರಸ್ಯ. ಹುಲ್ಲಿನಲ್ಲಿ ಎರಡು ಬಗೆ. ಭತ್ತ, ಗೋಧಿ ಸಿ-3 ಗುಂಪಿನವು. ಜೋಳ, ರಾಗಿ, ಸಜ್ಜೆ, ಕಬ್ಬು ಸಿ-4 ಗುಂಪಿನವು. ಸಿ-4 ಹುಲ್ಲು ಎಲೆಯೊಳಗೇ ಅನಿಲವನ್ನು ಒಟ್ಟುಮಾಡಿಕೊಳ್ಳುತ್ತದೆ, ಹಾಗಾಗಿ ಹೊರಗೆ ಹೆಚ್ಚಾದರೂ ಅದಕ್ಕೆ ಲಾಭವಿಲ್ಲ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಸೀಡರ್ ಕ್ರೀಕ್‌ನಲ್ಲಿ ಮೊದಲ 12 ವರ್ಷ ಹಾಗೆಯೇ ಆಯಿತು: ಸಿ-3 ಹುಲ್ಲು ಶೇ. 20 ಹೆಚ್ಚು ಬೆಳೆಯಿತು, ಸಿ-4 ಶೇ. 1 ಮಾತ್ರ. ನಂತರದ 8 ವರ್ಷಗಳಲ್ಲಿ ತಿರುವುಮುರುವಾಯಿತು. ಸಿ-3 ಹುಲ್ಲು ಶೇ. 2 ಇಳಿಯಿತು, ಸಿ-4 ಶೇ. 24 ಏರಿತು. ಇದು 2018ರಲ್ಲಿ ಪ್ರಕಟವಾಯಿತು. ಸೂಕ್ಷ್ಮಜೀವಿಗಳು ಕೊಳೆಯಿಸಿ ಬಿಡುಗಡೆ ಮಾಡುವ ಸಾರಜನಕವು ಸಿ-3 ಪಾತಿಗಳಲ್ಲಿ ಕ್ರಮೇಣ ಕಡಿಮೆಯಾಗಿ ಸಿ-4 ಪಾತಿಗಳಲ್ಲಿ ಹೆಚ್ಚಿದ್ದು ಇದಕ್ಕೆ ಒಂದು ಕಾರಣ. ಪೂರ್ತಿ ಕಾರಣ ಅವರಿಗೂ ಬಿಡಿಸಲಾಗಿಲ್ಲ.

ಹಾಗಾದರೆ ಗೊಬ್ಬರ ಸುರಿದರಾಯಿತಲ್ಲ ಎನ್ನಬಹುದು. ಅದೇ ಪ್ರಯೋಗದಲ್ಲಿ, ಹೆಚ್ಚುವರಿ ಅನಿಲ ಬಿಡದ ಪಾತಿಗಳಲ್ಲಿ ಸಾರಜನಕ ಹಾಕಿದ್ದರಿಂದ ಸಸ್ಯಜಾತಿಗಳ ಸಂಖ್ಯೆ ಶೇ. 16 ಕುಸಿಯಿತು; ಅನಿಲ ಬಿಟ್ಟಲ್ಲಿ ಶೇ. 8.

ಪ್ರಶ್ನೆ ಕೇಳಿದ ಸದಸ್ಯರು ಗಮನಿಸಬೇಕಾದದ್ದು ಇನ್ನೊಂದಿದೆ. ಅನಿಲ ಹೆಚ್ಚಿದಾಗ ಎಲೆಯಲ್ಲಿ ಪಿಷ್ಟ, ಸಕ್ಕರೆ ಹೆಚ್ಚಿ ಸಾರಜನಕದ ಪಾಲು ತಗ್ಗುತ್ತದೆ, ಅಂದರೆ ಮೇವಿನ ಪ್ರೋಟೀನ್ ತಗ್ಗುತ್ತದೆ. ಹೊರೆ ದೊಡ್ಡದಾದರೂ ಎಮ್ಮೆಗೆ ಹಿಂಡಿ ಬೇಕಾಗಬಹುದು.

ಮಿನೆಸೋಟದ್ದು ಚಳಿನಾಡು. ಸೊಲ್ಲಾಪುರದ ಬಳಿಯ ನಾನ್ನಜದ ಒಣ ಹುಲ್ಲುಗಾವಲಿಗೆ ಆ ಅಂಕಿಗಳನ್ನು ಹಾಗೆಯೇ ಹೊಂದಿಸಲಾಗದು. ಆದರೆ ನೀಲಗಿರಿಯ ನಮ್ಮ ಸದಸ್ಯರಿಗೆ ಒಂದು ಮಾತು: ಅಲ್ಲಿನ ಜೌಗು ಮಣ್ಣನ್ನು ಬಗೆದು, ಸಿ-3 ಮತ್ತು ಸಿ-4 ಸಸ್ಯಗಳು ಸಾವಿರಾರು ವರ್ಷಗಳಲ್ಲಿ ಹೇಗೆ ಏರಿಳಿದವು ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲೇ ಪ್ರಕಟಿಸಿದ್ದಾರೆ.