ಸುಳಿ ವಿದ್ಯುತ್ಪ್ರವಾಹ ನಷ್ಟ
ಬದಲಾಗುವ ಕಾಂತಕ್ಷೇತ್ರವು ವಾಹಕದೊಳಗೆ ಪ್ರೇರಿಸುವ ಸುಳಿ ಪ್ರವಾಹಗಳಿಂದ ಶಾಖವಾಗಿ ವ್ಯಯವಾಗುವ ಶಕ್ತಿ. ಈ ಪ್ರವಾಹಗಳನ್ನು 1855ರಲ್ಲಿ ಫ್ರಾನ್ಸಿನ ಲಿಯಾನ್ ಫೂಕೋ ಗುರುತಿಸಿದ.

ಲೆಕ್ಕಾಚಾರ: ಮೊದಲು ತ್ವಚಾ ಆಳವನ್ನು ಕಂಡುಕೊಳ್ಳಬೇಕು. ಮೇಲ್ಮೈಯಿಂದ ಒಳಹೋದಂತೆ ಪ್ರವಾಹಸಾಂದ್ರತೆ ಮೇಲ್ಮೈಯಲ್ಲಿನ ಮೌಲ್ಯದ ಸುಮಾರು 37%ಕ್ಕೆ ಇಳಿಯುವ ಆಳವಿದು. ರೋಧಶೀಲತೆಯನ್ನು ಪೈ, ಆವೃತ್ತಿ ಮತ್ತು ಕಾಂತೀಯ ವ್ಯಾಪ್ಯತೆಗಳ ಗುಣಲಬ್ಧದಿಂದ ಭಾಗಿಸಿ ವರ್ಗಮೂಲ ತೆಗೆದರೆ ಇದು ದೊರೆಯುತ್ತದೆ. ತಾಮ್ರದಲ್ಲಿ 50 ಹರ್ಟ್ಸ್‌ಗೆ ಸುಮಾರು 9.3 ಮಿ.ಮೀ., 1 ಮೆಗಾಹರ್ಟ್ಸ್‌ಗೆ ಸುಮಾರು 0.066 ಮಿ.ಮೀ.

ತೆಳು ಹಾಳೆ: ದಪ್ಪವು ತ್ವಚಾ ಆಳಕ್ಕಿಂತ ಬಹಳ ಕಡಿಮೆಯಿದ್ದು, ಕಾಂತಕ್ಷೇತ್ರ ಹಾಳೆಗೆ ಸಮಾಂತರವಾಗಿದ್ದರೆ, ಘನಮೀಟರಿಗೆ ನಷ್ಟ = (ಪೈ × ಆವೃತ್ತಿ × ಗರಿಷ್ಠ ಕಾಂತೀಯ ಅಭಿವಾಹ ಸಾಂದ್ರತೆ × ದಪ್ಪ)ದ ವರ್ಗ ÷ (6 × ರೋಧಶೀಲತೆ). ದಪ್ಪ ಅರ್ಧವಾದರೆ ನಷ್ಟ ಕಾಲುಭಾಗವಾಗುತ್ತದೆ. ಟ್ರಾನ್ಸ್‌ಫಾರ್ಮರ್ ತಿರುಳನ್ನು ಅವಾಹಕ ಲೇಪವಿರುವ ತೆಳು ಸಿಲಿಕಾನ್ ಉಕ್ಕಿನ ಹಾಳೆಗಳಿಂದ ಕಟ್ಟುವುದು ಇದಕ್ಕಾಗಿಯೇ.

ದಪ್ಪ ವಾಹಕ: ದಪ್ಪವು ತ್ವಚಾ ಆಳಕ್ಕಿಂತ ಬಹಳ ಹೆಚ್ಚಿದ್ದರೆ ಮೇಲಿನ ಸೂತ್ರ ಸಲ್ಲದು, ಸುಳಿ ಪ್ರವಾಹಗಳೇ ಒಳಗಿನ ಕ್ಷೇತ್ರವನ್ನು ತಡೆಯುತ್ತವೆ. ಆಗ ಮೇಲ್ಮೈಯ ಚದರಮೀಟರಿಗೆ ನಷ್ಟ = ರೋಧಶೀಲತೆ × ಮೇಲ್ಮೈಯಲ್ಲಿನ ಗರಿಷ್ಠ ಕಾಂತಕ್ಷೇತ್ರ ತೀವ್ರತೆಯ ವರ್ಗ ÷ (2 × ತ್ವಚಾ ಆಳ). ತೀವ್ರತೆ ಸ್ಥಿರವಾಗಿದ್ದರೆ ನಷ್ಟವು ಆವೃತ್ತಿಯ ವರ್ಗಮೂಲದಂತೆ ಮಾತ್ರ ಏರುತ್ತದೆ. ಇಂಡಕ್ಷನ್ ಒಲೆಯ ಪಾತ್ರೆ ಕಾಯುವುದು ಈ ಮೇಲ್ಪದರದ ಶಾಖದಿಂದಲೇ.