‘ನರ ಓಪನ್ ಆಗಿದೆ’ ಅಂದ್ರೆ ಹಲ್ಲು ಕೀಳಿಸಲೇಬೇಕಾ?

ಕಲಬುರಗಿ: ಹುಳುಕು ತೆಗೆಯುವಾಗ ‘ನರ ಕಾಣ್ತಿದೆ’ ಎಂದು ಡಾಕ್ಟರ್ ಹೇಳಿದರೆ ಬಹಳ ಮಂದಿ ‘ಕಿತ್ತೇ ಬಿಡ್ರಿ’ ಅಂತಾರೆ. ಎಲ್ಲ ಸಲ ಅದು ಬೇಕಿಲ್ಲ.

ನಾವು ನರ ಅನ್ನುವುದು ಬರೀ ನರವಲ್ಲ. ರಕ್ತನಾಳ, ಜೀವಕೋಶಗಳೂ ಇರುವ ಮೆತ್ತನೆಯ ದಂತಮಜ್ಜೆ ಅದು. ಚುಕ್ಕೆಯಷ್ಟು ತೆರೆದುಕೊಂಡಿದ್ದರೆ ಮೇಲೆ ಔಷಧವಿಟ್ಟು ಗಟ್ಟಿಯಾಗಿ ಮುಚ್ಚುತ್ತಾರೆ. ಇದಕ್ಕೆ ಪಲ್ಪ್ ಕ್ಯಾಪಿಂಗ್ ಅಂತ ಹೆಸರು. ರೂಟ್ ಕೆನಾಲ್ ಆದಮೇಲೆ ಹಾಕುವ ಟೊಪ್ಪಿಗೆಯಂಥ ಕ್ಯಾಪ್ ಬೇರೆ.

ಹಳೆಯ ಔಷಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಎಲೆ-ಅಡಿಕೆಯ ಸುಣ್ಣವೂ ಅದೇ ಜಾತಿ (ಹಾಗಂತ ಮನೆಯಲ್ಲಿ ಹಲ್ಲಿಗೆ ಸುಣ್ಣ ತುಂಬಬೇಡಿ, ಬಾಯಿ ಸುಡುತ್ತೆ). ಅದರ ಖಾರಕ್ಕೆ ಮಜ್ಜೆಯ ಮೇಲ್ಪದರ ಸ್ವಲ್ಪ ಸಾಯುತ್ತದೆ, ಕ್ರಿಮಿಗಳೂ ಸಾಯುತ್ತವೆ. ಡೆಂಟಿನ್ ಕಟ್ಟುತ್ತಿದ್ದ ಹಳೆಯ ಕೋಶಗಳು ಅಲ್ಲಿ ನಾಶವಾಗಿರುತ್ತವೆ. ಆಗ ಮಜ್ಜೆಯ ಆಳದಲ್ಲಿರುವ ಕಾಂಡಕೋಶಗಳು ಮೇಲೆ ಬಂದು ಆ ಕೆಲಸ ಹಿಡಿಯುತ್ತವೆ. ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಎರಡು-ಮೂರು ತಿಂಗಳಲ್ಲಿ, ತೂತಿನ ಮೇಲೆ ಗಟ್ಟಿ ಸೇತುವೆಯಂಥ ಪದರ ಬೀಳುತ್ತದೆ. ಆದರೆ ಈ ಔಷಧ ನಿಧಾನಕ್ಕೆ ಕರಗುತ್ತದೆ, ಸೇತುವೆಯಲ್ಲೂ ಸಣ್ಣ ಸಂದಿಗಳು ಉಳಿಯುತ್ತವೆ.

1990ರ ದಶಕದಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಮಹಮೂದ್ ತೊರಾಬಿನೆಜಾದ್ ಎಂಟಿಎ ತಂದರು. ನಮ್ಮ ವಾಡಿ, ಸೇಡಂ ಕಡೆ ತಯಾರಾಗುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಬಳಗವೇ ಇದು, ಶುದ್ಧ ಮಾಡಿದ್ದು. ಒದ್ದೆ ಜಾಗದಲ್ಲೂ ಗಟ್ಟಿಯಾಗುತ್ತದೆ, ಸಂದಿ ಬಿಡುವುದು ಕಡಿಮೆ. ದುಬಾರಿ ಮಾತ್ರ. ಬಯೋಡೆಂಟಿನ್ ಇದರ ಸೋದರ, ಬೇಗ ಗಟ್ಟಿಯಾಗುತ್ತದೆ.

ಹಾಗಾದ್ರೆ ಮಾಯಿಸುವುದು ಔಷಧವೇ? ಪೂರ್ತಿ ಅಲ್ಲ. 1965ರಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು ಕ್ರಿಮಿಯೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳ ಹಲ್ಲಿನ ಮಜ್ಜೆ ತೆರೆದು ಹಾಗೇ ಬಿಟ್ಟರು. ಏನೂ ಮುಚ್ಚದಿದ್ದರೂ ಅಲ್ಲಿ ಸೇತುವೆ ಕಟ್ಟಿತು. ಸಾಮಾನ್ಯ ಇಲಿಗಳ ಮಜ್ಜೆ ಸತ್ತಿತು. ಅಂದರೆ ಕ್ರಿಮಿ ಒಳಗೆ ಹೋಗದಂತೆ ಮುಚ್ಚುವುದೇ ಮುಖ್ಯ. ಮೇಲಿನ ಫಿಲ್ಲಿಂಗ್ ಉದುರಿದರೆ ಅಂಗಡಿ ಬಂದ್ ಮಾಡಿಯಾದರೂ ಬೇಗ ಹೋಗಿ.

ತಣ್ಣೀರು ತಾಗಿ ಜುಂ ಎಂದು ಕೆಲವೇ ಸೆಕೆಂಡಿನಲ್ಲಿ ಹೋಗುವ ನೋವಾದರೆ ಉಳಿಯುವ ಅವಕಾಶ ಚೆನ್ನಾಗಿದೆ. ರಾತ್ರಿ ತಾನಾಗಿಯೇ ಮಿಡಿಯುವ ನೋವು, ಬಾವು ಇದ್ದರೆ ಸಾಮಾನ್ಯವಾಗಿ ರೂಟ್ ಕೆನಾಲೇ. ತೆರೆದ ಜಾಗದ ರಕ್ತ ಕೆಲವು ನಿಮಿಷದಲ್ಲಿ ನಿಲ್ಲುತ್ತದೆಯೇ ಎಂದೂ ಡಾಕ್ಟರ್ ನೋಡುತ್ತಾರೆ. ಮೆಡಿಕಲ್‌ನಿಂದ ಗುಳಿಗೆ ತಂದು ತಿಂಗಳುಗಟ್ಟಲೆ ದೂಡಿದರೆ ಈ ಹಂತ ದಾಟಿಹೋಗುತ್ತದೆ.

ಕಮಲಾಪುರದವರಿಗೆ ಕಲಬುರಗಿಯ ಎಚ್‌ಕೆಇ ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತ ಕಾಲೇಜು, ಅಲ್-ಬದರ್ ದಂತ ಕಾಲೇಜು ಇವೆ. ಆರು ತಿಂಗಳು, ವರ್ಷಕ್ಕೊಮ್ಮೆ ಎಕ್ಸ್-ರೇ ತೋರಿಸಿ. ನೋವೇ ಇಲ್ಲದೆಯೂ ಮಜ್ಜೆ ಸಾಯಬಹುದು.